ಮಳೆಗಾಲದ ವಾದ್ಯಾಭ್ಯಾಸ

ಕೊಡಗಿನಲ್ಲಿ ನಾದವೆಂಬುದು ಬಯಲಿಗೆ ಸೇರಿದುದು. ಪುತ್ತರಿಯ ಕೋಲಾಟಕ್ಕೆ ಮಂದಿನಲ್ಲಿ ಜನ ನೆರೆದಾಗ ಕೊಂಬು ಕೊಟ್ಟು ವಾಲಗದ ಧ್ವನಿ ಗದ್ದೆ ತೋಟಗಳನ್ನು ದಾಟಿ ದೂರದ ಐನ್‌ಮನೆಗಳಿಗೂ ಮುಟ್ಟುತ್ತದೆ. ಬಾಗಿದ ಆ ಕೊಂಬಿಗೆ ಸ್ವರರಂಧ್ರವಿಲ್ಲ, ಒತ್ತುವ ಗುಂಡಿಯಿಲ್ಲ; ತುಟಿಯ ಬಿಗಿತ ಮತ್ತು ಎದೆಯ ಉಸಿರು ಇವೆರಡೇ ಅದರ ಸರ್ವಸ್ವ. ಅದನ್ನು ಅಡಗಿಸಿ ನುಡಿಸುವ ಅಗತ್ಯ ಆ ಬಯಲಿನಲ್ಲಿ ಇಲ್ಲ.

ಶಾಲೆಯ ಬ್ಯಾಂಡಿನಲ್ಲಿ ಯೂಫೋನಿಯಂ ಅಥವಾ ಟ್ಯೂಬಾ ಹಿಡಿದ ಬಾಲಕನ ಪಾಡು ಬೇರೆ. ಹಿತ್ತಾಳೆಯ ಈ ವಾದ್ಯಗಳೂ ತುಟಿಯ ಕಂಪನದಿಂದಲೇ ನುಡಿಯುವಂಥವು. ಯೂಫೋನಿಯಂನ ಸುರುಳಿಯನ್ನು ಬಿಡಿಸಿ ಅಳೆದರೆ ಸುಮಾರು 9 ಅಡಿ. ದೊಡ್ಡ ಟ್ಯೂಬಾದ್ದು ಸುಮಾರು 18 ಅಡಿ. ಆಗಸ್ಟ್ 15ರಂದು ಧ್ವಜದ ಮುಂದೆ ನುಡಿಸಬೇಕಾದವನು ಜೂನ್, ಜುಲೈ ತಿಂಗಳುಗಳಲ್ಲಿ ಸಾಧನೆ ಮಾಡಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಲ್ಲಿ ಆ ದಿನಗಳಲ್ಲಿ ಬಯಲು ದೊರೆಯದು. ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ ಊದಿದರೆ ನೆರೆಮನೆಯ ಹಸುಗೂಸು ಬೆಚ್ಚುತ್ತದೆ. ಊದದಿದ್ದರೆ ತುಟಿಯ ಕಸುವು ಕುಂದುತ್ತದೆ.

ಈ ಸಂಕಟಕ್ಕೆ ಹುಟ್ಟಿದ ಉಪಾಯವೇ ಅಭ್ಯಾಸದ ಮ್ಯೂಟ್. ವಾದ್ಯದ ಅಗಲವಾದ ಬಾಯೊಳಗೆ ಬಿಗಿಯಾಗಿ ಕೂರುವ ಈ ಮುಚ್ಚಳದಲ್ಲಿ ಉಸಿರು ಹೊರಹೋಗಲು ಕಿರಿದಾದ ದಾರಿಯಿರುತ್ತದೆ. ಯಮಹಾ ಸಂಸ್ಥೆಯು 1995ರಲ್ಲಿ ಹೊರತಂದ ಸೈಲೆಂಟ್ ಬ್ರಾಸ್ ಎಂಬ ಸಾಧನವು ಇನ್ನೂ ಮುಂದೆ ಹೋಗಿ, ಮ್ಯೂಟಿನೊಳಗಿನ ಮೈಕಿನ ಮೂಲಕ ನಾದವನ್ನು ವಾದಕನ ಕಿವಿಗೆ ಮಾತ್ರ ತಲುಪಿಸಿತು.

ಆದರೆ ಈ ಉಪಕಾರಕ್ಕೆ ಬೆಲೆಯುಂಟು. ಉಸಿರಿಗೆ ತಡೆ ಬೀಳುವುದರಿಂದ ವಾದಕನು ಅರಿವಿಲ್ಲದೆಯೇ ಬಲವಂತವಾಗಿ ಊದುವುದನ್ನು ರೂಢಿಸಿಕೊಳ್ಳುತ್ತಾನೆ. ಶ್ರುತಿ ಸಾಮಾನ್ಯವಾಗಿ ಏರುತ್ತದೆ. ಅದನ್ನು ಸರಿಪಡಿಸಲು ಜಾರುಕೊಳವೆಯನ್ನು ಹೊರಕ್ಕೆಳೆಯಬೇಕು, ಮ್ಯೂಟ್ ತೆಗೆದೊಡನೆ ಮರಳಿ ಒಳಕ್ಕೆ ತಳ್ಳಬೇಕು. ದೊಡ್ಡ ವಾದ್ಯಗಳ ಜೀವಾಳವಾದ ಮಂದ್ರಸ್ವರಗಳೇ ಹೆಚ್ಚು ತತ್ತರಿಸುತ್ತವೆ. ಮಳೆಗಾಲವಿಡೀ ಮ್ಯೂಟಿನಲ್ಲಿಯೇ ಕಳೆದವನು ಮೈದಾನಕ್ಕೆ ಬಂದು ನಿಂತಾಗ ಅವನ ವಾದ್ಯ ಅವನಿಗೇ ಅಪರಿಚಿತವೆನಿಸುತ್ತದೆ.

ಆದುದರಿಂದ ಬೆರಳಿನ ಚಲನೆ, ಲಯ, ಸ್ವರಲಿಪಿಯ ಪರಿಚಯ ಇವುಗಳಿಗೆ ಮ್ಯೂಟ್ ಸಾಕು. ನಾದದ ಗುಣಕ್ಕೆ ತೆರೆದ ವಾದ್ಯವೇ ಬೇಕು. ಮನೆಯಲ್ಲಿ ಅಡಗಿಸಿ ನುಡಿಸಿದ ಪಾಠವನ್ನು ಮರುದಿನ ಶಾಲೆಯಲ್ಲಿ ಹತ್ತು ನಿಮಿಷವಾದರೂ ತೆರೆದು ನುಡಿಸುವಂತಿರಬೇಕು. ತರಗತಿಗಳು ಮುಗಿದ ಮೇಲೆ ಒಂದು ಕೊಠಡಿಯನ್ನು ಬಿಟ್ಟುಕೊಟ್ಟರೆ ಅಷ್ಟು ಸಾಧ್ಯ. ವಾದ್ಯವನ್ನು ದಾನಮಾಡುವವರು ಮ್ಯೂಟನ್ನೂ ಜೊತೆಗೂಡಿಸಿದರೆ ನೆರೆಹೊರೆಯ ನೆಮ್ಮದಿ ಉಳಿಯುತ್ತದೆ. ಅಧ್ಯಾಪಕರು ಆ ಹತ್ತು ನಿಮಿಷವನ್ನು ಕಾಪಾಡಿಕೊಟ್ಟರೆ ಬಾಲಕನ ನಾದ ಉಳಿಯುತ್ತದೆ. ಇತರರಿಗಾಗಿ ದನಿಯನ್ನು ತಗ್ಗಿಸುವುದು ಸೌಜನ್ಯ. ವೇಳೆ ಬಂದಾಗ ಅದನ್ನು ತುಂಬಿ ತೆರೆಯಬಲ್ಲುದು ವಿದ್ಯೆ. ಶಾಲೆಯಲ್ಲಿ ಬಾಲಕನಿಗೆ ಎರಡೂ ದೊರೆಯಬೇಕು.