ಮುಳ್ಳು ತೆಗೆಯುವ ಕೆಲಸ

ಲೋಹಕ್ಕೆ ತೂತು ಕೊರೆದರೆ ಅಂಚಿನಲ್ಲಿ ಒಂದು ಚೂಪು ಉಳಿಯುತ್ತದೆ. ಕಾರ್ಖಾನೆಯವರು ಅದನ್ನು ಬರ್ ಅನ್ನುತ್ತಾರೆ. ನಾವು ಮುಳ್ಳು ಅನ್ನುತ್ತಿದ್ದೆವು. ಅದನ್ನು ಕೆರೆದು ತೆಗೆಯುವ, ಗಿರ್ರನೆ ತಿರುಗುವ ಹಲ್ಲಿನ ಉಪಕರಣಕ್ಕೂ ಬರ್ ಅಂತಲೇ ಹೆಸರು. ಆ ಮುಳ್ಳು ತೆಗೆಯುತ್ತ ನನ್ನ ಹತ್ತೊಂಬತ್ತು ವರ್ಷ ಕಳೆದವು.

2002ರಲ್ಲಿ ಮಾಲೂರಿನಲ್ಲಿ ರೈಲು ಹತ್ತಿ ಕೃಷ್ಣರಾಜಪುರದಲ್ಲಿ ಇಳಿದವನು ನಾನು. ಮಹದೇವಪುರದ ಒಂದು ಶೆಡ್ಡಿನಲ್ಲಿ ಹೆಲ್ಪರ್ ಕೆಲಸ, ಗುತ್ತಿಗೆ ಲೆಕ್ಕ. ಹಿಂದಿನ ವರ್ಷವೇ ಕೋಲಾರದ ಚಿನ್ನದ ಗಣಿ ಮುಚ್ಚಿತ್ತು. ಆ ವರ್ಷ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಬಾಗಿಲು ಹಾಕಿತು. ಬೆಳಗಿನ ರೈಲಿನ ತುಂಬ ಕೆಲಸ ಗೊತ್ತಿದ್ದೂ ಕೆಲಸ ಇಲ್ಲದ ಜನ. 1948ರಲ್ಲಿ ದೂರವಾಣಿನಗರಕ್ಕೆ ಟೆಲಿಫೋನ್ ಕಾರ್ಖಾನೆ ಬಂದಾಗ ಅದರ ಜೊತೆ ಕ್ವಾರ್ಟರ್ಸು, ಶಾಲೆ, ಕ್ಯಾಂಟೀನು ಬಂದವಂತೆ. ನಮ್ಮ ಪಾಲಿಗೆ ಬಂದದ್ದು ಒಂದು ಗೇಟ್ ಪಾಸು.

ಶೆಡ್ಡಿನಲ್ಲಿ ಲೇತಿನ ಮುಂದೆ ನಿಲ್ಲುವವರು ಬೇರೆ, ಮುಳ್ಳು ತೆಗೆಯುವವರು ಬೇರೆ. ಯಾರೂ ಬೋರ್ಡು ಬರೆದಿರಲಿಲ್ಲ. ಆದರೆ ಹಿಂದಿನ ಮೂಲೆಯಲ್ಲಿ ಕೂತ ನಾವು ಐವರೂ ಕೇರಿಯಿಂದ ಬಂದವರೇ. ಊರಲ್ಲಿ ಇನ್ನೊಬ್ಬರು ಬಿಟ್ಟ ಹೊಲಸು ಎತ್ತಿದವರ ಮಕ್ಕಳು, ಇಲ್ಲಿ ಇನ್ನೊಬ್ಬರ ಮಷಿನು ಬಿಟ್ಟ ಹೊಲಸು ತೆಗೆಯುತ್ತಿದ್ದೆವು. ಸೂಜಿಯಂಥ ಲೋಹದ ಚೂರುಗಳು ಬೆರಳಿಗೆ ಹೊಕ್ಕು ಕೂರುತ್ತಿದ್ದವು. ರಾತ್ರಿ ಮುದ್ದೆ ಮುರಿಯುವಾಗ ಚುಚ್ಚುತ್ತಿದ್ದವು. ಅವ್ವ ಬುಡ್ಡಿ ದೀಪದ ಬೆಳಕಲ್ಲಿ ಪಿನ್ನು ಹಿಡಿದು ತೆಗೆಯೋಳು.

ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಬೇಕು. ಅಲ್ಯೂಮಿನಿಯಂ ಎರಕದ ಪೆಟ್ಟಿಗೆಗಳು ಬಂದವು. ಸೂಪರ್‌ವೈಸರು ಸ್ಟೋರಿನಿಂದ ಒಂದು ಬರ್ ತಂದು ಕೈಗೆ ಕೊಟ್ಟ. ಅದು ಉಕ್ಕಿಗೆ ಬಳಸುವಂಥದ್ದು, ಅಡ್ಡ ಉದ್ದ ಎರಡೂ ಕಡೆ ಸಣ್ಣ ಹಲ್ಲಿನದು. ನನಗೇನು ಗೊತ್ತು? ಹತ್ತು ಪೆಟ್ಟಿಗೆ ಆಗೋದರೊಳಗೆ ಹಲ್ಲಿನ ಸಂದಿಗೆಲ್ಲ ಅಲ್ಯೂಮಿನಿಯಂ ಮೆತ್ತಿಕೊಂಡು ಬರ್ ಬೋಳಾಯಿತು. ಕೊರೆಯದೇ ಹೋದಾಗ ಅದುಮಿದೆ. ಅದುಮಿದಷ್ಟೂ ಕಾಯಿತು. ಕಾದಾಗ ತಲೆಯನ್ನೂ ಕಡ್ಡಿಯನ್ನೂ ಕೂಡಿಸಿದ ಬೆಸುಗೆ ಬಿಟ್ಟು, ತಲೆ ಗುಂಡಿನ ಥರ ಹಾರಿ ನನ್ನ ಹೆಬ್ಬೆರಳಿನ ಬುಡ ಸೀಳಿ ಗೋಡೆಗೆ ಹೊಡೆಯಿತು. ಒಂದು ಗೇಣು ಮೇಲಾಗಿದ್ದರೆ ಕಣ್ಣು.

‘ನಿಮ್ಮೋರ ಕೈಗೆ ಮಷಿನ್ ಕೊಟ್ಟರೆ ಹಿಂಗೇ’ ಅಂದ ಸೂಪರ್‌ವೈಸರು. ಆಗ ದಿನಗೂಲಿ 80 ರೂಪಾಯಿ. ನಾಲ್ಕು ದಿನದ ಕೂಲಿ ಬರ್‌ಗೆ ಅಂತ ಮುರಿದುಕೊಂಡರು.

ಅವತ್ತು ಕೈಗೆ ಬಟ್ಟೆ ಕಟ್ಟಿದ್ದು ಕೆಜಿಎಫ್‌ನಿಂದ ಬಂದ ಹಿರಿಯ ಫಿಟ್ಟರು. ಗಣಿಯ ವರ್ಕ್‌ಶಾಪಿನಲ್ಲಿ ದುಡಿದು, ಇಲ್ಲಿ ನಮ್ಮ ಜೊತೆ ಹೆಲ್ಪರ್ ಕೂಲಿಗೆ ಕೂತಿದ್ದವರು. ‘ತಂಬಿ, ತಪ್ಪು ನಿನ್ನ ಕೈದಲ್ಲ. ಆರಿಸಿ ಕೊಟ್ಟೋನದು’ ಅಂದರು. ಆ ಮಾತು ನನ್ನನ್ನು ಎತ್ತಿ ನಿಲ್ಲಿಸಿತು.

ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕಲಿಸಿದರು. ಬರ್‌ನ ತಲೆ ಕಾರ್ಬೈಡು, ಅಂದರೆ ಟಂಗ್‌ಸ್ಟನ್ನಿಗೆ ಇಂಗಾಲ ಸೇರಿದ ಪುಡಿಯನ್ನು ಕೋಬಾಲ್ಟ್‌ನಿಂದ ಬೆಸೆದದ್ದು. 1920ರ ದಶಕದಲ್ಲಿ ಜರ್ಮನಿಯವರು ಅದಕ್ಕೆ ‘ವಜ್ರದ ಹಾಗೆ’ ಅನ್ನುವ ಅರ್ಥದಲ್ಲಿ ವಿಡಿಯಾ ಅಂತ ಹೆಸರಿಟ್ಟರು. ಆ ಹೆಸರಿನ ಕಾರ್ಖಾನೆ ನಮ್ಮ ತುಮಕೂರು ರಸ್ತೆಗೂ ಬಂತು. ಗಟ್ಟಿ ಹೌದು, ಆದರೆ ಬೀಳಿಸಿದರೆ, ಕುಕ್ಕಿದರೆ ಹಲ್ಲು ಮುರಿಯುತ್ತದೆ.

ಮೊದಲು ಯಾವ ಲೋಹ ಅಂತ ಕೇಳು, ಆಮೇಲೆ ಹಲ್ಲು ನೋಡು. ಒಂದೇ ಕಡೆಗೆ ಸಾಗುವ ಹಲ್ಲು ಉಕ್ಕು, ಬೀಡುಗಳಲ್ಲಿ ಹೆಚ್ಚು ತೆಗೆಯಲಿಕ್ಕೆ. ಅಡ್ಡಹಲ್ಲಿನದು ಉಕ್ಕು, ಸ್ಟೇನ್‌ಲೆಸ್ಸುಗಳಲ್ಲಿ ನಯವಾಗಿ ಹೋಗುತ್ತದೆ, ಚೂರೂ ಸಣ್ಣದು, ಕೈಗೂ ಹಿಡಿತ. ಅಲ್ಯೂಮಿನಿಯಂ, ಹಿತ್ತಾಳೆಗೆ ಅಗಲ ಸಂದಿಯ ದೊಡ್ಡ ಹಲ್ಲೇ ಬೇಕು. ಮೇಣದಬತ್ತಿಯ ತುಂಡನ್ನು ಹಲ್ಲಿಗೆ ಸವರಿಕೊಂಡರೆ ಮೆತ್ತುವುದು ಕಡಿಮೆ. ತೂತಿನ ಅಂಚಿಗೆ ಕೋನಿನದು, ಒಳಬಾಗಿಗೆ ಗುಂಡಿನದು, ಇಕ್ಕಟ್ಟಿನ ಮೂಲೆಗೆ ಚೂಪುತುದಿಯದು.

ಆಮೇಲೆ ವೇಗ. 12 ಮಿಲಿಮೀಟರ್ ತಲೆಗೆ ಉಕ್ಕಿನ ಮೇಲೆ ನಿಮಿಷಕ್ಕೆ ಸುಮಾರು 20,000 ಸುತ್ತು. ತಲೆ ಸಣ್ಣದಾದಷ್ಟೂ ಸುತ್ತು ಹೆಚ್ಚು. ಕೈ ಡ್ರಿಲ್ಲಿಗೆ ಹಾಕಿದರೆ ಆ ವೇಗ ಸಿಗದೆ ಕುಪ್ಪಳಿಸಿ ಹಲ್ಲು ಉದುರುತ್ತದೆ. ಕಡ್ಡಿಯನ್ನು ಹಿಡಿತದೊಳಕ್ಕೆ ಆಳವಾಗಿ ಕೂಡಿಸು. ಉದ್ದ ಕಡ್ಡಿಯದಾದರೆ ವೇಗ ಇಳಿಸು, ಇಲ್ಲದಿದ್ದರೆ ಬಾಗಿ ಚಾಟಿ ಬೀಸಿದ ಹಾಗೆ ಬೀಸುತ್ತದೆ. ಅದುಮಬೇಡ, ಸವರಿಕೊಂಡು ಹೋಗು. ಒಂದೇ ಕಡೆ ನಿಲ್ಲಿಸಬೇಡ. ಕನ್ನಡಕ ಇಲ್ಲದೆ ಮುಟ್ಟಬೇಡ. ಬೆರಳು ಬೆಳ್ಳಗಾಗಿ ಜೋಮು ಹಿಡಿಯಿತೋ, ಕೈ ಬಿಡು. ಅದು ನಡುಕದ ರೋಗದ ಶುರು.

ಧೂಳಿನ ಮಾತು ಬಂದಾಗ ಅವರ ದನಿ ಇಳಿಯಿತು. ಗಣಿಯ ಕಲ್ಲಿನ ಧೂಳಿಗೆ ಶ್ವಾಸಕೋಶ ಕೊಟ್ಟವರ ಮನೆ ಅವರದು. ಬರ್ ಎಬ್ಬಿಸುವ ಧೂಳು ಹೆಚ್ಚಾಗಿ ಉಜ್ಜಿದ ಲೋಹದ್ದೇ. ಆದರೆ ಮೊಂಡಾದ ವಿಡಿಯಾವನ್ನು ಕಲ್ಲಿಗೆ ಹಿಡಿದು ಮಸೆಯುವವನು ಕೋಬಾಲ್ಟ್ ಇರುವ ಧೂಳು ಕುಡಿಯುತ್ತಾನೆ. ಅದು ಶ್ವಾಸಕೋಶವನ್ನೇ ಗಟ್ಟಿಮಾಡುವ ರೋಗ ತರಬಲ್ಲದು.

ಅವರ ಪಾಠ ಕೇಳುತ್ತ ನನಗೆ ನಮ್ಮಪ್ಪ ನೆನಪಾದ. ಚಪ್ಪಲಿ ಹೊಲಿಯುತ್ತಿದ್ದವನು. ಚರ್ಮವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, ಅಟ್ಟೆಗೆ ಯಾವುದು, ಪಟ್ಟಿಗೆ ಯಾವುದು, ಯಾವ ರಂಪಿಗೆ ಹಿಡಿಯಬೇಕು ಅಂತ ಹೇಳೋನು. ಫಿಟ್ಟರಣ್ಣ ಲೋಹಕ್ಕೆ ಹಲ್ಲು ಆರಿಸಿದ ಹಾಗೇ. ಊರಿನವರು ಅದನ್ನು ಯಾವತ್ತೂ ವಿದ್ಯೆ ಅನ್ನಲಿಲ್ಲ. ಜಾತಿ ಅಂದರು.

ಮುಂದಿನ ವಾರ ನಾವು ಐವರೂ ಹೋಗಿ ಕೇಳಿದೆವು. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯಿದೆಯಲ್ಲಿ ನಷ್ಟಕ್ಕೆ ಕೂಲಿ ಮುರಿಯುವ ಮೊದಲು ಕೆಲಸಗಾರನ ಮಾತು ಕೇಳಬೇಕು ಅಂತ ಇತ್ತು. ಅದನ್ನೂ ಹೇಳಿಕೊಟ್ಟವರು ಫಿಟ್ಟರಣ್ಣನೇ. ದುಡ್ಡು ವಾಪಸು ಬರಲಿಲ್ಲ. ಆದರೆ ಇನ್ನುಮೇಲೆ ಬರ್ ನಾವೇ ಆರಿಸುತ್ತೇವೆ ಅಂದಾಗ ಸ್ಟೋರಿನವನು ಡಬ್ಬ ಮುಂದಕ್ಕೆ ತಳ್ಳಿದ. ನಾನು ರಟ್ಟಿನ ಮೇಲೆ ಕನ್ನಡದಲ್ಲಿ ಪಟ್ಟಿ ಬರೆದು ತೂಗುಹಾಕಿದೆ: ಲೋಹ, ಹಲ್ಲು, ಸುತ್ತು. ನೋಡಲು ಗಿರಾಕಿಗಳು ಬರುವ ದಿನ ಸೂಪರ್‌ವೈಸರು ಅದನ್ನು ಕಿತ್ತು ಬಿಸಾಕಿದ. ಅಷ್ಟರಲ್ಲಿ ಐವರಿಗೂ ಬಾಯಿಪಾಠವಾಗಿತ್ತು. ಆ ವರ್ಷ ನಮ್ಮ ಮೂಲೆಯಲ್ಲಿ ಇನ್ನೊಂದು ತಲೆ ಹಾರಲಿಲ್ಲ.

ಫಿಟ್ಟರಣ್ಣ ಈಗ ಇಲ್ಲ. 2023ರಿಂದ ಕೆ.ಆರ್. ಪುರದ ಮೇಲೆ ಮೆಟ್ರೋ ಓಡುತ್ತದೆ. ಕೆಳಗೆ ಶೆಡ್ಡುಗಳಲ್ಲಿ ಮುಳ್ಳು ತೆಗೆಯಲು ಒಡಿಶಾ, ಬಿಹಾರದ ಹುಡುಗರು ಕೂತಿದ್ದಾರೆ. ಅವರ ಜಾತಿ ನಾನು ಕೇಳಿಲ್ಲ. ಕೈ ನೋಡಿದ್ದೇನೆ, ಅದೇ ಗೀರುಗಳು. ಭಾನುವಾರ ಹೋಗಿ ನನ್ನ ಹರುಕು ಹಿಂದಿಯಲ್ಲಿ ಅದೇ ಪಟ್ಟಿ ಹೇಳುತ್ತೇನೆ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆ ಬಿಟ್ಟ ಹುಡುಗ ನಾಳೆ ಇಂಥ ಶೆಡ್ಡಿಗೇ ಬರಬಹುದು. ಉಪಕರಣ ಕೈಗೆ ಬಂದ ಕೂಡಲೆ ಇದು ಯಾವ ಲೋಹಕ್ಕೆ, ಎಷ್ಟು ಸುತ್ತಿಗೆ, ಆರಿಸಿದವರು ಯಾರು ಅಂತ ಕೇಳುವುದನ್ನು ಅವನಿಗೆ ಕಲಿಸಿ ಕಳಿಸಿ. ಕೇಳಿದರೆ ಬೈಸಿಕೊಳ್ಳಬಹುದು. ಕೇಳದೆ ನಾನು ಹೆಬ್ಬೆರಳು ಸೀಳಿಸಿಕೊಂಡೆ.