ಗಿಂಜಾದಿಂದ ಕಟ್ಟಿಸಿಕೊಂಡ ಬುತ್ತಿ

ಟೋಕಿಯೊ ನಗರದ ಗಿಂಜಾ ಬಡಾವಣೆಯಲ್ಲಿ ಅಂಗಡಿಗಳ ಗಾಜಿನ ಕಿಟಕಿಗಳನ್ನು ನೋಡುತ್ತ ನಡೆಯುವುದಕ್ಕೆ ಕಾಸು ಖರ್ಚಿಲ್ಲ. ಒಳಗೆ ಕಾಲಿಟ್ಟರೆ ಮಾತ್ರ ಕಷ್ಟ. ಅಲ್ಲಿನ ಹೆಸರಾಂತ ಸುಶಿ ಹೋಟೆಲುಗಳಲ್ಲಿ ಎಂಟೋ ಹತ್ತೋ ಆಸನಗಳಿರುತ್ತವೆ. ಅವನ್ನು ವಾರಗಟ್ಟಲೆ ಮೊದಲೇ ಕಾದಿರಿಸಬೇಕು. ರಾತ್ರಿಯ ಊಟಕ್ಕೆ ಒಬ್ಬರಿಗೆ 30,000 ಯೆನ್, ಅಂದರೆ ನಮ್ಮ ಹದಿನಾರು ಸಾವಿರ ರೂಪಾಯಿಗೂ ಮಿಕ್ಕಿ ಕೇಳುವ ಕಡೆಗಳೂ ಇವೆ. 2024ರ ನವೆಂಬರಿನಲ್ಲಿ ಮಗಳನ್ನು ನೋಡಲು ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದಾಗ, ಇಂಥದೊಂದು ಹೋಟೆಲಿನ ಊಟ ನಮ್ಮ ಪಾಲಿಗೂ ಬಂತು. ಆದರೆ ನಾವು ಅಲ್ಲಿ ಕುಳಿತು ಉಣ್ಣಲಿಲ್ಲ, ಕಟ್ಟಿಸಿಕೊಂಡು ತಂದೆವು.

ಮಗಳು ಅಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. "ಅಪ್ಪಯ್ಯ, ಕುಂದಾಪುರದಲ್ಲಿ ಮೀನಿನ ವಿಷಯಕ್ಕೆ ನಿಮ್ಮನ್ನು ಮೀರಿಸುವವರಿಲ್ಲ. ಇಲ್ಲಿನದನ್ನೂ ಒಮ್ಮೆ ನೋಡಿ" ಎಂದು ಹಟ ಹಿಡಿದಳು. ಅಮ್ಮನಿಗೆ ಮಂಡಿನೋವು, ಎತ್ತರದ ಪೀಠದ ಮೇಲೆ ಎರಡು ಗಂಟೆ ಕೂರಲಾಗದು. ಅದಕ್ಕೇ ಬುತ್ತಿಯ ಯೋಜನೆ. ಇಂಥ ಹೋಟೆಲುಗಳಲ್ಲಿ ಅನೇಕವು ಮೊದಲು ಊಟ ಕಟ್ಟಿಕೊಡುತ್ತಿರಲಿಲ್ಲವಂತೆ. 2020ರಲ್ಲಿ ಕೋವಿಡ್ ಬಂದು, ರಾತ್ರಿ ಎಂಟಕ್ಕೇ ಬಾಗಿಲು ಹಾಕಿರೆಂದು ಸರ್ಕಾರ ಕೇಳಿಕೊಂಡಾಗ, ಹೊಟ್ಟೆಪಾಡಿಗಾಗಿ ಶುರುಮಾಡಿದರು. ಕೆಲವರು ಆ ಪದ್ಧತಿಯನ್ನು ಆಮೇಲೂ ಉಳಿಸಿಕೊಂಡರು.

ಮಗಳು ಹಿಂದಿನ ದಿನವೇ ಫೋನ್ ಮಾಡಿದಳು. ಕಾಣದ ಮನುಷ್ಯನಿಗೆ ಫೋನಿನಲ್ಲೇ ತಲೆಬಾಗಿಸುತ್ತ, ನನಗೆ ಅರ್ಥವಾಗದ ಭಾಷೆಯಲ್ಲಿ ಅಷ್ಟು ವಿನಯದಿಂದ ಅವಳು ಮಾತನಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಕೇಳಿದ್ದನ್ನು ಆಮೇಲೆ ಹೇಳಿದಳು. ಎಷ್ಟು ಜನ? ತಿನ್ನದಿರುವ ಪದಾರ್ಥ ಯಾವುದಾದರೂ ಇದೆಯೇ? ಎಷ್ಟು ಗಂಟೆಗೆ ಬರುತ್ತೀರಿ? ಎಷ್ಟು ದೂರ ಒಯ್ಯುತ್ತೀರಿ? ಎಷ್ಟು ಹೊತ್ತಿಗೆ ಉಣ್ಣುತ್ತೀರಿ? ಕೊಳ್ಳುವವನು ಯಾವಾಗ ಉಣ್ಣುತ್ತಾನೆಂದು ವಿಚಾರಿಸುವ ಅಂಗಡಿಯನ್ನು ನಾನು ಕಂಡಿರಲಿಲ್ಲ.

ಸುಶಿಯೆಂದರೆ ಹಸಿ ಮೀನು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆ ಮಾತಿನ ಮೂಲಾರ್ಥ 'ಹುಳಿ' ಎಂದು. ಮೀನು ಕೆಡದಿರಲೆಂದು ಉಪ್ಪು ಹಚ್ಚಿ, ಅನ್ನದೊಳಗೆ ಹುದುಗಿಸಿ, ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಿದ್ದುದೇ ಇದರ ಆದಿರೂಪ. ಬಿವಾ ಸರೋವರದ ಸೀಮೆಯಲ್ಲಿ 'ಫುನಾಜುಶಿ' ಎಂಬ ಹೆಸರಿನಲ್ಲಿ ಅದು ಈಗಲೂ ಉಂಟು. ನಂತರ ಅನ್ನಕ್ಕೆ ವಿನೆಗರ್ ಬೆರೆಸಿ ಹುಳಿ ಬರಿಸುವ ಸುಲಭದ ದಾರಿ ಬಂತು. 19ನೆಯ ಶತಮಾನದ ಆರಂಭದಲ್ಲಿ, ಟೋಕಿಯೊ ಇನ್ನೂ ಎದೋ ಎನಿಸಿಕೊಂಡಿದ್ದಾಗ, ಅನ್ನದ ಮುದ್ದೆಯ ಮೇಲೆ ಮೀನಿನ ತುಂಡಿಟ್ಟು ಕೈಯಲ್ಲೇ ಒತ್ತಿ ಕೊಡುವ ಸುಶಿ ಬಳಕೆಗೆ ಬಂತು. ಹನಾಯಾ ಯೊಹೆಯಿ ಎಂಬಾತನಿಗೆ ಅದರ ಕೀರ್ತಿ ಸಲ್ಲುತ್ತದೆ. ಆಗ ಅದು ಬೀದಿಬದಿಯ ತಿಂಡಿ. ಕೆಲಸಗಾರರು ನಿಂತಲ್ಲೇ ತಿಂದು ಹೋಗುತ್ತಿದ್ದರು. ಇಂದು ಅದೇ ತಿಂಡಿಗೆ ಗಿಂಜಾದ ಗೌರವ!

ಐಸ್ ಇಲ್ಲದ ಆ ಕಾಲದಲ್ಲಿ ಮೀನನ್ನು ವಿನೆಗರಿನಲ್ಲಿ ನೆನೆಸುವುದು, ಸೋಯಾ ರಸದಲ್ಲಿ ಅದ್ದಿಡುವುದು, ಬೇಯಿಸುವುದು ಅನಿವಾರ್ಯವಾಗಿತ್ತು. ಬುತ್ತಿಗೆ ಇಂದಿಗೂ ಒದಗುವುದು ಅದೇ ಹಳೆಯ ವಿದ್ಯೆ. ನಮ್ಮ ಪೆಟ್ಟಿಗೆಯಲ್ಲಿದ್ದುದು 'ಬಾರಾ ಚಿರಾಶಿ': ಹುಳಿಯನ್ನದ ಮೇಲೆ ಸೋಯಾದಲ್ಲಿ ನೆನೆದ ಟ್ಯೂನಾ, ನಮ್ಮ ಬೂತಾಯಿಯನ್ನು ನೆನಪಿಸುವ ಕೊಹಾದಾ ಎಂಬ ಮೀನು ವಿನೆಗರಿನಲ್ಲಿ ಹದಗೊಂಡದ್ದು, ಬೆಂದ ಸಿಗಡಿ, ಸಿಹಿಯಾದ ಮೊಟ್ಟೆಯ ದೋಸೆ, ಎಲ್ಲವೂ ಸಣ್ಣ ತುಂಡುಗಳಾಗಿ ಹರಡಿತ್ತು.

ಸಂಜೆ ಆರಕ್ಕೆ ಬರುತ್ತೇವೆಂದು ಹೇಳಿದ್ದೆವು. ಐದು ನಿಮಿಷ ಮೊದಲೇ ತಲುಪಿದೆವು. ಒಳಗೆ ಹೋಗೋಣವೆಂದರೆ ಮಗಳು ತಡೆದಳು. "ಆರಕ್ಕೆ ಸರಿಯಾಗಿ ಮುಚ್ಚಳ ಹಾಕುವಂತೆ ಕೆಲಸ ಮಾಡುತ್ತಿರುತ್ತಾರೆ. ಅವಸರಪಡಿಸಬಾರದು." ಆರಕ್ಕೆ ಬಾಗಿಲ ಪರದೆ ಸರಿಸಿ ಒಳಹೊಕ್ಕೆವು. ತೆಳ್ಳನೆಯ ಮರದ ಎರಡು ಪೆಟ್ಟಿಗೆ ಸಿದ್ಧವಾಗಿದ್ದವು. ಎಂಟು ಗಂಟೆಯೊಳಗೆ ಉಣ್ಣಬೇಕು, ಫ್ರಿಜ್‌ನಲ್ಲಿ ಇಡಬಾರದು, ಇಟ್ಟರೆ ಅನ್ನ ಗಟ್ಟಿಯಾಗುತ್ತದೆ ಎಂದು ಚೀಟಿ ಅಂಟಿಸಿದ್ದರು. ಪೆಟ್ಟಿಗೆಯೊಂದಕ್ಕೆ 7,500 ಯೆನ್. ಅಲ್ಲೇ ಕುಳಿತು ಉಂಡರೆ ನೂರಕ್ಕೆ 10 ತೆರಿಗೆ, ಮನೆಗೆ ಒಯ್ದರೆ 8. ಈ ಭೇದ 2019ರ ಅಕ್ಟೋಬರಿನಿಂದ ಬಂದದ್ದು. ಒಟ್ಟು 16,200 ಯೆನ್. ನಾನು ಜೇಬಿಗೆ ಕೈಹಾಕುವ ಮೊದಲೇ ಮಗಳು ಹಣ ಎಣಿಸಿಕೊಟ್ಟಳು. ಅಂಗಡಿಯವರು ಬಾಗಿಲವರೆಗೂ ಬಂದು ತಲೆಬಾಗಿ ಬೀಳ್ಕೊಟ್ಟರು.

ದಾರಿಯಲ್ಲಿ ದೀಪಾಲಂಕಾರ ನೋಡುತ್ತ ನಿಲ್ಲಬೇಕೆಂದರೆ ಮಗಳು ಒಪ್ಪಲಿಲ್ಲ. ಮರುನೌಚಿ ಮಾರ್ಗದ ರೈಲಿನಲ್ಲಿ ಇಕೆಬುಕುರೋ ಕಡೆಗೆ ಹೊರಟೆವು. ಸುಮಾರು ಇಪ್ಪತ್ತು ನಿಮಿಷದ ಹಾದಿ. ತೊಡೆಯ ಮೇಲೆ ಪೆಟ್ಟಿಗೆ ಅಲುಗದಂತೆ ಹಿಡಿದು ಕುಳಿತಿದ್ದವಳನ್ನು ಮೆಲ್ಲಗೆ ಕೇಳಿದೆ: "ಇಷ್ಟು ದುಡ್ಡು ಎಲ್ಲಿಂದ ಬಂತು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ಎಂಟು ತಿಂಗಳಿಂದ ಸಂಜೆಯ ಹೊತ್ತು ಊಟದ ಡಬ್ಬಿ ಮಾರುವ ಅಂಗಡಿಯೊಂದರಲ್ಲಿ ಅನ್ನ ತುಂಬುವ ಕೆಲಸ ಮಾಡುತ್ತಿದ್ದಾಳೆ. ವಿದ್ಯಾರ್ಥಿ ವೀಸಾದವರು ಅನುಮತಿ ಪಡೆದು ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆ. ಮೀರಿದರೆ ವೀಸಾಕ್ಕೇ ಕುತ್ತು. ಟೋಕಿಯೊದ ಕನಿಷ್ಠ ಕೂಲಿ ಆಗ ಗಂಟೆಗೆ 1,163 ಯೆನ್, ಅವಳಿಗೆ ಸಿಗುತ್ತಿದ್ದುದೂ ಅಷ್ಟೇ. ಮೇಷ್ಟರ ಬುದ್ಧಿ ಎಲ್ಲಿ ಹೋದೀತು? ಮನಸ್ಸಿನಲ್ಲೇ ಭಾಗಿಸಿದೆ. ನಮ್ಮ ಎರಡು ಪೆಟ್ಟಿಗೆಯ ಬೆಲೆ ಅವಳ 14 ಗಂಟೆಯ ದುಡಿಮೆ.

"ಮೊದಲೇ ಏಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಇನ್ನೊಂದು ಸಾಲ ಮಾಡುತ್ತಿದ್ದಿರಿ."

ಅದು ನಿಜವಾಗಿತ್ತು. ನನ್ನ ಹೆಂಡತಿ ಕಿಟಕಿಯತ್ತ ಮುಖ ತಿರುಗಿಸಿದಳು. ಸುರಂಗದ ರೈಲಿನ ಕಿಟಕಿಯಲ್ಲಿ ನೋಡಲು ಏನೂ ಇರಲಿಲ್ಲ.

ಏಳಕ್ಕೆ ಮೊದಲೇ ಮಗಳ ಪುಟ್ಟ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಪೆಟ್ಟಿಗೆ ಬಿಚ್ಚಿದೆವು. ಅನ್ನ ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ಮೈಯ ಬಿಸುಪಿನಷ್ಟೇ ಇತ್ತು. ಅನ್ನಕ್ಕೆ ಹತ್ತಿದ ಹುಳಿ ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಒಯ್ದಿತು. ಕಾಲೇಜಿಗೆಂದು ಮಂಗಳೂರಿನ ಬಸ್ಸು ಹತ್ತುವಾಗ ಅಮ್ಮ ಬಾಳೆಲೆಯಲ್ಲಿ ಹುಳಿಯನ್ನ ಕಟ್ಟಿಕೊಟ್ಟು, "ಮಧ್ಯಾಹ್ನದೊಳಗೆ ಉಣ್ಣು, ಇಟ್ಟುಕೊಳ್ಳಬೇಡ" ಎನ್ನುತ್ತಿದ್ದರು. ಕಟ್ಟಿಕೊಟ್ಟವರ ಕೆಲಸ ಅಲ್ಲಿಗೆ ಮುಗಿಯುತ್ತದೆ. ಆಮೇಲಿನದು ಒಯ್ದವರ ಜವಾಬ್ದಾರಿ. ಗಿಂಜಾದ ಆ ಚೀಟಿ ಹೇಳಿದ್ದೂ ಇದನ್ನೇ.

ಮಗಳ ಕೈಗೆ ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಕೆಲಸ ಬಿಡು ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ಮುಚ್ಚಿಡಬೇಡ ಎಂದಷ್ಟೇ ಕೇಳಿಕೊಂಡೆ.

ಮಕ್ಕಳನ್ನು ದೂರದೇಶಕ್ಕೆ ಓದಲು ಕಳಿಸುವ ತಂದೆತಾಯಿಗಳು ಫೀಸು, ಬಾಡಿಗೆಗಳ ಲೆಕ್ಕ ಹಾಕುತ್ತೇವೆ. ಅವರ ಸಂಜೆಗಳ ಲೆಕ್ಕ ಕೇಳುವುದಿಲ್ಲ. ಮಕ್ಕಳೂ ನಾವು ನೊಂದೇವೆಂದು ಹೇಳುವುದಿಲ್ಲ. ಈಗ ಭಾನುವಾರ ಫೋನಿನಲ್ಲಿ 'ಊಟವಾಯಿತೇ' ಎಂದ ಮೇಲೆ 'ಈ ವಾರ ಎಷ್ಟು ಗಂಟೆ?' ಎಂದೂ ಕೇಳುತ್ತೇನೆ. ಪರೀಕ್ಷೆ ಹತ್ತಿರವಿದ್ದರೆ ಹತ್ತು ಎನ್ನುತ್ತಾಳೆ, ಇಲ್ಲದಿದ್ದರೆ ಇಪ್ಪತ್ತು. ನಾನು ನಂಬುತ್ತೇನೆ.