ಅಮ್ಮನ ಅಳತೆಯ ಪೆಟ್ಟಿಗೆ

ಪ್ರಯಾಣಕ್ಕೆ ಹೊರಡುವವರು ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಲಾದೀತೆ ಎಂದು ಹಿರಿಯರು ಹಾಸ್ಯಮಾಡುವುದುಂಟು. ಕಳೆದ ವರ್ಷ ನಾವು ಹೆಚ್ಚುಕಡಿಮೆ ಅದನ್ನೇ ಮಾಡಿದೆವು. ಕಲ್ಲುಮುಳ್ಳಿನ ದಾರಿಗೂ ಅಂಜದ ನಮ್ಮ ನಾಲ್ಕು ಚಕ್ರದ ಎಳೆತದ ಮೋಟಾರಿನ ಹಿಂಭಾಗದಲ್ಲಿ ಅಡಿಗೆಯ ಸಾಮಾನು, ಉಗ್ರಾಣ, ಔಷಧ ಎಲ್ಲವನ್ನೂ ಅಡಕಮಾಡಿಕೊಂಡು ಮೈಸೂರಿನಿಂದ ಕಚ್ಛದವರೆಗೆ ಹೋಗಿಬಂದೆವು. ಆ ಪೆಟ್ಟಿಗೆಯನ್ನು ಕಟ್ಟಿಸುವಾಗ ನಾವು ಮಾಡಿದ ತಪ್ಪುಗಳಿಂದ ಇತರ ಗೃಹಸ್ಥರಿಗೆ ಪ್ರಯೋಜನವಾದೀತೆಂದು ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ನಮ್ಮ ತಾಯಿಯವರಿಗೆ 74 ವರ್ಷ. ದ್ವಾರಕೆಯನ್ನೂ ಸೋಮನಾಥವನ್ನೂ ಕಣ್ಣಾರೆ ಕಾಣಬೇಕೆಂಬುದು ಅವರ ಬಹುದಿನದ ಆಸೆ. ಆದರೆ ಅವರು ಮಧುಮೇಹಕ್ಕಾಗಿ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಡೆಯದ ಸೀಸೆಗಳು 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಬಳಕೆಗೆ ತೆಗೆದ ಸೀಸೆಯು ಸಾಧಾರಣ ಸೆಖೆಯನ್ನು ಕೆಲವು ವಾರ ತಡೆಯುವುದಾದರೂ, ಬಿಸಿಲಿನಲ್ಲಿ ನಿಂತ ಮೋಟಾರಿನ ಒಳಗಿನ ಬೇಗೆಯನ್ನು ತಡೆಯಲಾರದು. "ನನ್ನ ಔಷಧಿ ಕಾಯೋಕೆ ನಾಲ್ಕು ಜನ ಬೇಕು ಮಗೂ. ನೀವೆಲ್ಲ ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ" ಎಂದು ಅವರು ಪ್ರತಿ ಸಲವೂ ಹಿಂದೆ ಸರಿಯುತ್ತಿದ್ದರು. ಅವರಿಲ್ಲದೆ ಹೋದ ಪ್ರಯಾಣಗಳು ನಮಗೂ ರುಚಿಸುತ್ತಿರಲಿಲ್ಲ.

ಗಾಡಿಯ ಹಿಂದೆ ಖಾನೆಗಳನ್ನು ಕಟ್ಟುವ ವಿದ್ಯೆ ಹೊಸದಲ್ಲ. 1866ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಾಹಿ ಒಡೆಯನು ಸೈನ್ಯದಿಂದ ಬಿಡುಗಡೆಯಾದ ಹಳೆಯ ಬಂಡಿಯೊಂದರ ಹಿಂಭಾಗದಲ್ಲಿ ಡ್ರಾಯರುಗಳುಳ್ಳ ಪೆಟ್ಟಿಗೆಯನ್ನು ಕೂರಿಸಿದನು. ಅದರ ಮುಚ್ಚಳವನ್ನು ಕೆಳಗಿಳಿಸಿದರೆ ಅಡಿಗೆಯವನಿಗೆ ಅದೇ ಮೇಜು. ತಿಂಗಳುಗಟ್ಟಲೆ ಬಯಲಿನಲ್ಲಿ ದನ ಹೊಡೆದುಕೊಂಡು ಹೋಗುವವರಿಗೆ ಆ ಬಂಡಿಯೇ ಮನೆಯಾಯಿತು. ಅವನ ಕಾಲದಲ್ಲಿಲ್ಲದ ಒಂದು ವಸ್ತು ನಮಗೆ ಬೇಕಾಗಿದ್ದಿತು, ಅದೇ ಬ್ಯಾಟರಿಯಿಂದ ನಡೆಯುವ 40 ಲೀಟರಿನ ಫ್ರಿಜ್ಜು.

ಚಿತ್ರಗಳನ್ನು ನೋಡಿ ನಾವೇ ಒಂದು ನಕ್ಷೆಯನ್ನು ಬರೆದು, ಪರಿಚಯದ ವೃದ್ಧ ಬಡಗಿಯೊಬ್ಬರ ಕೈಗಿತ್ತೆವು. ಕೆಳಗೆ ಎರಡು ದೊಡ್ಡ ಡ್ರಾಯರುಗಳು, ಅವುಗಳ ಮೇಲೆ ಫ್ರಿಜ್ಜು, ಎಲ್ಲವೂ 18 ಮಿಲಿಮೀಟರಿನ ಪ್ಲೈವುಡ್ಡಿನಲ್ಲಿ! ಆಚಾರ್ಯರು ಒಮ್ಮೆ ತಲೆ ಕೆರೆದುಕೊಂಡರು. ನಾವು ಕೇಳಲಿಲ್ಲ. ಎಂಟಡಿ ಉದ್ದ ನಾಲ್ಕಡಿ ಅಗಲದ ಅಂತಹ ಹಲಗೆಯೊಂದು ಸುಮಾರು 35 ಕಿಲೋಗ್ರಾಂ ತೂಗುವುದೆಂಬುದನ್ನು, ನಾಲ್ಕು ಜನ ಸೇರಿ ಪೆಟ್ಟಿಗೆಯನ್ನು ಎತ್ತಲಾರದೆ ಬೆವರಿದಾಗಲಷ್ಟೇ ಅರಿತೆವು.

ಊರ ಹೊರಗಿನ ಕೆರೆಯ ಏರಿಯ ಮೇಲೆ ಪರೀಕ್ಷೆ ನಡೆಯಿತು. ಮನೆಯ ಬೀರುವಿಗೆ ಹಾಕುವ ಅಯಸ್ಕಾಂತದ ಹಿಡಿಯನ್ನು ಡ್ರಾಯರುಗಳಿಗೆ ಹಾಕಿಸಿದ್ದೆವು. ಮೊದಲನೆಯ ಏರಿನಲ್ಲಿಯೇ ತುಂಬಿದ ಡ್ರಾಯರು ತಾನಾಗಿ ಜಾರಿ ಹಿಂಬಾಗಿಲಿಗೆ ಗುದ್ದಿತು. ಅಕ್ಕಿಯೂ ತೊಗರಿಬೇಳೆಯೂ ಬೆರೆತು ಗಾಡಿಯೊಳಗೇ ಬಿಸಿಬೇಳೆಬಾತಿನ ಸಿದ್ಧತೆಯಾಯಿತು. ಎಲ್ಲರೂ ನಕ್ಕೆವು. ಆದರೆ ಆ ರಾತ್ರಿ ಕುಳಿತು ಲೆಕ್ಕ ಹಾಕಿದಾಗ ನಗು ಉಡುಗಿತು. ಗಂಟೆಗೆ 50 ಕಿಲೋಮೀಟರು ವೇಗದ ಗಾಡಿಯು ಅಪಘಾತದಲ್ಲಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟರೆ, ಒಳಗಿರುವ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. 30 ಕಿಲೋ ತೂಗುವ ಫ್ರಿಜ್ಜು 600 ಕಿಲೋ ತೂಗುವುದರಂತೆ ಬಂದು ಬೀಳುವುದು. ಅದರ ಮುಂದೆ ಕುಳಿತುಕೊಳ್ಳುವವರು ಯಾರು? ನಮ್ಮ ತಾಯಿಯವರೇ!

ಆ ಪೆಟ್ಟಿಗೆಯನ್ನು ಬಿಚ್ಚಿಸಿದೆವು. ಎರಡನೆಯ ಸಲ ಆಚಾರ್ಯರ ಮಾತಿಗೆ ಕಿವಿಗೊಟ್ಟೆವು. ಅವರು ಮೊದಲು ಕೇಳಿದ ಪ್ರಶ್ನೆ ಮರದ ವಿಷಯದ್ದಾಗಿರಲಿಲ್ಲ. "ಸ್ವಾಮಿ, ಔಷಧಿ ಯಾರು ತೆಗೆಯೋರು?" ಎಂದರು. "ನಾವೇ ತೆಗೆದುಕೊಡುತ್ತೇವೆ" ಎಂದೆವು. ಬಾಗಿಲಲ್ಲಿ ನಿಂತಿದ್ದ ತಾಯಿಯವರು ಏನೂ ಹೇಳದೆ ಒಳಕ್ಕೆ ಹೋದರು. ಆಚಾರ್ಯರು ಅವರು ಹೋದ ಕಡೆಯನ್ನೇ ನೋಡುತ್ತ, "ಅಮ್ಮನವರನ್ನ ಒಂದು ಸಲ ಗಾಡಿ ಹತ್ತಿರ ನಿಲ್ಲಿಸಿ ಸ್ವಾಮಿ. ಅವರ ಕೈ ಎಲ್ಲಿವರೆಗೆ ಹೋಗುತ್ತೆ ನೋಡೋಣ" ಎಂದರು.

ನಮಗೆ ಆಗ ಹೊಳೆಯಿತು. ಡ್ರಾಯರಿನ ಮೇಲೆ ಕುಳಿತ ಫ್ರಿಜ್ಜಿನ ಮುಚ್ಚಳವು ಅವರ ಕತ್ತಿನ ಎತ್ತರಕ್ಕೆ ಬರುತ್ತಿದ್ದಿತು. ಒಳಗೆ ಏನಿದೆಯೆಂದು ಅವರಿಗೆ ಕಾಣುತ್ತಲೇ ಇರಲಿಲ್ಲ. ದಿನಕ್ಕೆ ಎರಡು ಸಲ ಮಗನನ್ನೋ ಸೊಸೆಯನ್ನೋ ಕೂಗಿ ಬೇಡಬೇಕಾಗುತ್ತಿದ್ದಿತು. ಅವರು ಪ್ರಯಾಣಕ್ಕೆ ಒಲ್ಲೆನೆನ್ನುತ್ತಿದ್ದುದು ಔಷಧ ಕೆಟ್ಟೀತೆಂಬ ಭಯಕ್ಕಿಂತ ಹೆಚ್ಚಾಗಿ ಈ ಬೇಡುವಿಕೆಗಾಗಿಯೇ ಎಂಬುದು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ನಮಗೆ ತಿಳಿದಿರಲಿಲ್ಲ.

ಹೊಸ ಪೆಟ್ಟಿಗೆಯನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿದೆವು. ಆಮೇಲೆ 12 ಮಿಲಿಮೀಟರಿನ ಹಲಗೆಗೆ ಕೈಹಚ್ಚಿದೆವು. ಹಲಗೆಯ ತೂಕದಲ್ಲಿ ಮೂರರಲ್ಲೊಂದು ಪಾಲು ಉಳಿಯಿತು. ಎಡಕ್ಕೆ ಒಂದರ ಮೇಲೊಂದು ಡ್ರಾಯರು, ಬಲಕ್ಕೆ ಗಾಡಿಯ ನೆಲಕ್ಕೆ ಹತ್ತಿದಂತೆಯೇ ಫ್ರಿಜ್ಜು. ಅದು ಜಾರುವ ಹಳಿಯ ಮೇಲಿದ್ದು, ಹೊರಕ್ಕೆಳೆದರೆ ಮುಚ್ಚಳವು ತಾಯಿಯವರ ಮೊಣಕೈಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಅಯಸ್ಕಾಂತದ ಬದಲು ಬೆರಳಿನಿಂದ ಎತ್ತಿದರೆ ಮಾತ್ರ ಬಿಡುವ ಕಬ್ಬಿಣದ ಚಿಲಕಗಳನ್ನು ಹಾಕಿಸಿದೆವು. 1988ರ ಮೋಟಾರು ವಾಹನಗಳ ಕಾಯಿದೆಯು ಗಾಡಿಯ ಮೂಲರೂಪವನ್ನು ಮನಬಂದಂತೆ ಬದಲಾಯಿಸಗೊಡುವುದಿಲ್ಲ. ಆದುದರಿಂದ ಏನನ್ನೂ ಕೊರೆಯದೆ, ತಯಾರಕರೇ ಬಿಟ್ಟಿದ್ದ ರಂಧ್ರಗಳಿಗೆ ದಪ್ಪ ಬೋಲ್ಟುಗಳನ್ನು ಬಿಗಿದೆವು. ಬೇಡವಾದಾಗ ಇಡೀ ಪೆಟ್ಟಿಗೆಯನ್ನು ಬಿಚ್ಚಿ ಇಳಿಸಬಹುದು.

ಮುಂದೆ ವಿದ್ಯುತ್ತಿನ ಪಾಠ. ಫ್ರಿಜ್ಜನ್ನು ಗಾಡಿಯ ಬ್ಯಾಟರಿಗೇ ಜೋಡಿಸಿ ಮಲಗಿದೆವು. ಬೆಳಗ್ಗೆ ಗಾಡಿ ಉಸಿರೆತ್ತಲಿಲ್ಲ. ಎಂಜಿನು ಹೊತ್ತಿಸುವ ಬ್ಯಾಟರಿಯು ಕ್ಷಣಕಾಲದ ದೊಡ್ಡ ಶಕ್ತಿಗೆಂದು ಮಾಡಿದ್ದು, ರಾತ್ರಿಯಿಡೀ ದುಡಿಯುವುದಕ್ಕಲ್ಲ. ಆ ದುಡಿಮೆಗೆ ಬೇರೆ ಜಾತಿಯ ಬ್ಯಾಟರಿಯೇ ಬೇಕು. ಫ್ರಿಜ್ಜು ನಡೆಯುವಾಗ ಸುಮಾರು 45 ವಾಟು, ಅಂದರೆ 12 ವೋಲ್ಟಿನಲ್ಲಿ 4 ಆಂಪಿಯರಿಗೆ ಸ್ವಲ್ಪ ಕಡಮೆ ಬೇಡುವುದು. ದಿನದಲ್ಲಿ ಒಟ್ಟು 8 ಗಂಟೆ ನಡೆದರೆ 30 ಆಂಪಿಯರ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು. ಆದುದರಿಂದ 100 ಆಂಪಿಯರ್-ಗಂಟೆಯ ಎರಡನೆಯ ಬ್ಯಾಟರಿಯೊಂದು, ಗಾಡಿ ನಿಂತಿದ್ದರೂ, ಒಂದೂವರೆ ದಿನ ಕಾಯುವುದೆಂದು ಲೆಕ್ಕ ಹಾಕಿ ಅದನ್ನಿರಿಸಿದೆವು. ದಪ್ಪ ತಂತಿ, ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸು, ಇವೆರಡರಲ್ಲಿ ಜಿಪುಣತನ ಸಲ್ಲದು. ಫ್ರಿಜ್ಜು ಒಳಗಿನ ಬಿಸಿಯನ್ನು ಹೊರಕ್ಕೆ ಚೆಲ್ಲುವ ಯಂತ್ರವಾದುದರಿಂದ ಅದರ ಗಾಳಿಕಿಂಡಿಗಳ ಬಳಿ ನಾಲ್ಕು ಬೆರಳು ಜಾಗವನ್ನೂ ಬಿಟ್ಟೆವು.

ಕೊನೆಯ ತಪ್ಪು ಎಲ್ಲಕ್ಕಿಂತ ದೊಡ್ಡದು. ತಂಪು ಹೆಚ್ಚಿದಷ್ಟೂ ಒಳ್ಳೆಯದೆಂದು ಬಗೆದು ಒಂದು ರಾತ್ರಿ ಅಂಕೆಯನ್ನು ಕೆಳಗಿಳಿಸಿದೆವು. ಬೆಳಗ್ಗೆ ಗೋಡೆಗೆ ತಗುಲಿದ್ದ ಸೀಸೆಯೊಂದು ಹೆಪ್ಪುಗಟ್ಟಿದ್ದಿತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಬಳಸತಕ್ಕದ್ದಲ್ಲ. ಅದನ್ನು ಎಸೆದೆವು. ಅಂದಿನಿಂದ ಸೀಸೆಗಳಿಗೆ ಬಟ್ಟೆ ಸುತ್ತಿದ ಸಣ್ಣ ಡಬ್ಬಿಯೊಂದು ಫ್ರಿಜ್ಜಿನ ನಡುವೆ ನಿಂತಿತು, ಪಕ್ಕದಲ್ಲಿ ಒಂದು ಉಷ್ಣಮಾಪಕ. ಅದನ್ನು ಓದಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ತಾಯಿಯವರು ತಾವಾಗಿಯೇ ವಹಿಸಿಕೊಂಡರು.

ಮಾರ್ಚಿಯಲ್ಲಿ ಹೊರಟೆವು. ಸೋಮನಾಥವಾಯಿತು, ದ್ವಾರಕೆಯಾಯಿತು. ಅಲ್ಲಿಂದ ಕಚ್ಛದ ಬಿಳಿಯ ಉಪ್ಪಿನ ಬಯಲನ್ನು ಸೀಳಿ ಹೋಗುವ ದಾರಿಯಲ್ಲಿ ಧೋಲಾವೀರಕ್ಕೆ ಹೋದೆವು. 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಹರಪ್ಪಾಕಾಲದ ನಗರದವರು ಮಳೆಯ ನೀರನ್ನು ಹಿಡಿದಿಡಲು ಕಟ್ಟಿದ ದೊಡ್ಡ ಕೊಳಗಳನ್ನು ತಾಯಿಯವರು ಬಹಳ ಹೊತ್ತು ನೋಡಿದರು. ಮಧ್ಯಾಹ್ನ ಊಟದ ಹೊತ್ತಾಯಿತು. ನಾವು ಚಾಪೆ ಹಾಸಿ ತಿರುಗಿ ನೋಡುವಷ್ಟರಲ್ಲಿ ಅವರು ಚಿಲಕವನ್ನೆತ್ತಿ, ಫ್ರಿಜ್ಜನ್ನು ಹೊರಕ್ಕೆಳೆದು, ಅಂಕೆಯನ್ನು ಓದಿ, ತಮ್ಮ ಡಬ್ಬಿಯನ್ನು ತೆಗೆದುಕೊಂಡಿದ್ದರು. ಯಾರನ್ನೂ ಕೂಗಿರಲಿಲ್ಲ.

"ಐದು ಡಿಗ್ರಿ ಇದೆ" ಎಂದು ಪುಸ್ತಕದಲ್ಲಿ ಬರೆದುಕೊಂಡು, "ಮುಂದಿನ ಸಲ ಎಲ್ಲಿಗೆ ಹೋಗೋಣ ಮಗೂ?" ಎಂದು ಕೇಳಿದರು.